ನನ್ನ ಹೆಸರಿನಲ್ಲಿ ‘ಪ್ರೀತಿಯ ಅಕ್ಕ’ ಎಂದು ಬರೆದವರಿಗೆ

ತಮ್ಮ ಹೆಸರು, ಊರು, ಮುಖ ಯಾವುದನ್ನೂ ನನಗೆ ತಿಳಿಸದೆ, ನನ್ನ ಹೆಸರು, ಊರು, ಪಾಸ್‌ವರ್ಡ್ ಎಲ್ಲವನ್ನೂ ತಿಳಿದುಕೊಂಡಿರುವ ಮಾನ್ಯರೇ,

ತಾವು ಯಾವ ದೇಶದ ಯಾವ ಕುರ್ಚಿಯಲ್ಲಿ ಕುಳಿತಿದ್ದರೂ ಅಲ್ಲಿಗೇ ನನ್ನ ನಮಸ್ಕಾರಗಳು ತಲುಪಲಿ. ಕಳೆದ ವಾರ ತಾವು ನನ್ನ ಇಮೇಲಿನೊಳಗೆ ದಯಮಾಡಿಸಿ, ನನ್ನ ವಿಳಾಸಪಟ್ಟಿಯಲ್ಲಿದ್ದ ಸಮಸ್ತರಿಗೂ ನನ್ನ ಹೆಸರಿನಲ್ಲಿ ಪತ್ರ ಬರೆದು, ನಾನು ಪರದೇಶದಲ್ಲಿ ಪರ್ಸು ಕಳೆದುಕೊಂಡು ಹೋಟೆಲಿನವರ ಕೈಗೆ ಸಿಕ್ಕಿಬಿದ್ದಿದ್ದೇನೆಂದೂ, ಕೂಡಲೇ ಹಣ ಕಳಿಸಿ ಬಿಡಿಸಿಕೊಳ್ಳಬೇಕೆಂದೂ ಬೇಡಿಕೊಂಡಿರುವಿರಿ. ಆ ಹೊತ್ತಿಗೆ ನಾನು ನಮ್ಮೂರಿನ ಒಂದು ಆಸ್ಪತ್ರೆಯ ಲಿಫ್ಟಿನ ಕೆಳಗೆ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕುಳಿತಿದ್ದೆ. ಮೂವತ್ತು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುತ್ತ ಮೇಲೆ ಕೆಳಗೆ ಓಡಾಡಿದವನೇ ಹೊರತು ಪರದೇಶದ ಕಡೆಗೆ ತಲೆ ಹಾಕಿಯೂ ಮಲಗಿದವನಲ್ಲ. ಖರ್ಚಿಲ್ಲದೆ ನನ್ನನ್ನು ವಿದೇಶ ಪ್ರವಾಸಕ್ಕೆ ಕಳಿಸಿದ ತಮ್ಮ ಔದಾರ್ಯಕ್ಕೆ ಋಣಿಯಾಗಿದ್ದೇನೆ.

ತಾವು ಒಳಗೆ ಬಂದದ್ದು ಹೇಗೆಂಬುದು ತಮಗೆ ತಿಳಿದೇ ಇದೆ, ಆದರೂ ಇದನ್ನು ಓದುವ ಸಾರ್ವಜನಿಕರಿಗಾಗಿ ಹೇಳಬೇಕು. ನಾನು ನೋಡಿಕೊಳ್ಳುವ ಪ್ರತಿ ಲಿಫ್ಟಿನ ಒಳಗೂ ‘ದೂರುಗಳಿಗೆ’ ಎಂದು ನನ್ನ ಇಮೇಲ್ ವಿಳಾಸವನ್ನು ಅಂಟಿಸಲಾಗಿದೆ, ನಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಲಾಗಿದೆ, ಸಾಲದ್ದಕ್ಕೆ ಚಪ್ಪಲಿ ಅಂಗಡಿಯಲ್ಲಿ ಬಹುಮಾನದ ಚೀಟಿ ಎತ್ತುವ ಅದೃಷ್ಟದ ಪೆಟ್ಟಿಗೆಯೊಳಗೂ ನಾನೇ ಬರೆದು ಹಾಕಿ ಬಂದಿದ್ದೇನೆ. ಹೀಗೆ ಬಿದ್ದಿರುವ ವಿಳಾಸಗಳನ್ನು ಹೆಕ್ಕಿಕೊಂಡು ತಿರುಗುವ ಯಂತ್ರಗಳಿವೆಯೆಂದೂ, ಅವನ್ನು ಕಟ್ಟು ಕಟ್ಟಾಗಿ ಮಾರುವವರಿದ್ದಾರೆಂದೂ ನನ್ನ ಮಗಳು ಹೇಳುತ್ತಾಳೆ. ಅದರ ಫಲವಾಗಿ ಬೋಳುತಲೆಯ ನನಗೆ ದಿನಾ ಬಾಚಣಿಗೆಯ ಜಾಹೀರಾತು ಬರುತ್ತದೆ, ಹಾಗೂ ಯಾರೋ ಶ್ರೀಮಂತ ವಿಧವೆಯೊಬ್ಬರು ತಮ್ಮ ಆಸ್ತಿಯನ್ನೆಲ್ಲ ನನ್ನ ಕೊರಳಿಗೇ ಕಟ್ಟಬೇಕೆಂದು ಹಟ ಹಿಡಿದಿದ್ದಾರೆ. ಬಂದ ಪ್ರತಿ ಪತ್ರದ ಕೆಳಗೂ ‘ಇನ್ನು ಮುಂದೆ ಕಳಿಸಬೇಡಿ’ ಎಂಬ ಗುಂಡಿಯನ್ನು ನಾನು ಶ್ರದ್ಧೆಯಿಂದ ಒತ್ತಿದೆ. ಗುರುತು ಪರಿಚಯವಿಲ್ಲದವರ ಪತ್ರದಲ್ಲಿ ಅದನ್ನು ಒತ್ತುವುದೆಂದರೆ, ‘ಮನೆಯಲ್ಲಿ ಜನ ಇದ್ದೇವೆ, ಬನ್ನಿ’ ಎಂದು ಕೂಗಿ ಹೇಳಿದಂತೆ ಎಂಬುದು ಮಗಳು ಹೇಳಿದ ಮೇಲೇ ತಿಳಿದದ್ದು.

ಅದರ ಹಿಂದೆಯೇ ತಮ್ಮ ಸವಾರಿ ಬಂತು. ‘ನಿಮ್ಮ ಪೆಟ್ಟಿಗೆಯಲ್ಲಿ ಭಾರ ಹೆಚ್ಚಾಗಿದೆ, ಪಾಸ್‌ವರ್ಡ್ ಖಚಿತಪಡಿಸದಿದ್ದರೆ ಇಂದೇ ನಿಲ್ಲಿಸಲಾಗುವುದು’ ಎಂದು ಬರೆದಿದ್ದಿರಿ. ಮಾನ್ಯರೇ, ಬೇರೆ ಯಾರಿಗಾದರೂ ಇದನ್ನು ಬರೆದಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ಆದರೆ ಲಿಫ್ಟಿನಲ್ಲಿ ಭಾರ ಹೆಚ್ಚಾಗಿದೆ ಎಂಬ ಗಂಟೆ ಹೊಡೆದುಕೊಂಡಾಗ ಯಾರಾದರೊಬ್ಬರು ಇಳಿಯಲೇಬೇಕು, ಉಡಾಫೆ ಮಾಡಬಾರದು ಎಂದು ಜನಕ್ಕೆ ಬೈದು ಬೈದು ಗಂಟಲು ಹರಿದುಕೊಂಡವನು ನಾನು. ಗಂಟೆ ಕೇಳಿದೊಡನೆ ಕೈ ತಾನಾಗಿ ಹೋಗಿ ಪಾಸ್‌ವರ್ಡ್ ಒತ್ತಿಬಿಟ್ಟಿತು. ಇಡೀ ಜಗತ್ತಿನಲ್ಲಿ ತಮ್ಮ ಎಚ್ಚರಿಕೆಗೆ ಇಷ್ಟು ಗೌರವ ಕೊಟ್ಟವರು ಇನ್ನೊಬ್ಬರು ಸಿಗಲಿಕ್ಕಿಲ್ಲ.

ಈಗ ದೂರಿಗೆ ಬರುತ್ತೇನೆ. ನನ್ನ ವಿಳಾಸಪಟ್ಟಿಯಲ್ಲಿ ಯಾರನ್ನು ಏನೆಂದು ಬರೆದುಕೊಂಡಿದ್ದೇನೆ ಎಂಬುದು ನನ್ನ ಖಾಸಗಿ ವಿಷಯ. ಅದನ್ನು ತಮ್ಮ ಯಂತ್ರ ಇದ್ದದ್ದು ಇದ್ದ ಹಾಗೆಯೇ ಎತ್ತಿಕೊಂಡು, ಅದರ ಮೊದಲಿಗೆ ಒಂದು ‘ಪ್ರೀತಿಯ’ ಎಂಬುದನ್ನು ಸೇರಿಸಿ ಎಲ್ಲರಿಗೂ ಕಳಿಸಿಬಿಟ್ಟಿದೆ. ಹೀಗಾಗಿ ಬ್ಯಾಂಕ್ ಕಟ್ಟಡದ ಮೇಲ್ವಿಚಾರಕಿಯವರಿಗೆ ‘ಪ್ರೀತಿಯ ಮೂರನೇ ಮಹಡಿ ಕಿರಿಕಿರಿ’ ಎಂದು ಆರಂಭವಾಗುವ ಪತ್ರ ಹೋಗಿದೆ. ನನ್ನ ಹೆಂಡತಿಯ ಅಣ್ಣನವರು ‘ಪ್ರೀತಿಯ ಫೋನ್ ಎತ್ತಬೇಡ’ ಎಂಬ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದು, ಎಷ್ಟು ಸಲ ಫೋನ್ ಮಾಡಿದರೂ ನಾನು ಯಾಕೆ ಎತ್ತುತ್ತಿರಲಿಲ್ಲ ಎಂಬುದು ಈಗ ತಿಳಿಯಿತೆಂದು ಹೇಳಿ, ನನ್ನ ಹೆಂಡತಿಯ ಎದುರಿಗೇ ಒಂದು ಲೋಟ ನೀರು ಕುಡಿದು ಎದ್ದು ಹೋದರು. ಅಂದಿನಿಂದ ನನ್ನ ಹೆಂಡತಿಯೂ ನನ್ನೊಡನೆ ಅಳೆದು ತೂಗಿ ಮಾತಾಡುತ್ತಿದ್ದಾಳೆ.

ಆದರೂ ಯಾರೊಬ್ಬರೂ ಹಣ ಕಳಿಸಲಿಲ್ಲ, ಇದಕ್ಕೆ ತಾವೇ ಹೊಣೆ. ನನ್ನ ಜೊತೆ ಕೆಲಸ ಮಾಡುವವರು ಹೇಳಿದ್ದು, “ಎರಡನೇ ಸಾಲಿಗೇ ಗೊತ್ತಾಯ್ತು ಬಿಡಿ, ‘ದಯವಿಟ್ಟು’ ಅಂತ ಇತ್ತು.” ಕಸುಬಿನ ಉದ್ದಕ್ಕೂ ‘ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಹತ್ತಿ’ ಎಂಬುದಕ್ಕಿಂತ ಉದ್ದದ ಬರವಣಿಗೆ ಮಾಡದವನು ನಾನು. ಮನೆಯವರಿಗೂ ಅದೇ ಅಳತೆ. ‘ತಲುಪಿದೆ.’ ‘ಸರಿ.’ ‘ನೋಡೋಣ.’ ಅಂಥವನ ಹೆಸರಿನಲ್ಲಿ ತಾವು ಕ್ಷೇಮ ಸಮಾಚಾರ ಕೇಳಿದಿರಿ, ಆರೋಗ್ಯ ನೋಡಿಕೊಳ್ಳಿ ಎಂದಿರಿ, ‘ಈ ಕಷ್ಟದಲ್ಲಿ ನನಗೆ ಮೊದಲು ನೆನಪಾದವರು ನೀವೊಬ್ಬರೇ’ ಎಂದು ಪಟ್ಟಿಯಲ್ಲಿದ್ದ ಅಷ್ಟೂ ಜನರಿಗೆ ಬರೆದಿರಿ. ಯಾರು ನಂಬುತ್ತಾರೆ ಸ್ವಾಮಿ? ಕಳ್ಳತನಕ್ಕೆ ಇಳಿಯುವ ಮೊದಲು ಮನೆಯವನ ಗುಣ ವಿಚಾರಿಸುವುದು ಬೇಡವೇ?

ಒಬ್ಬರು ನಂಬಿದರು. ನನ್ನ ಅಕ್ಕ. ಅವಳನ್ನು ನಾನು ಪಟ್ಟಿಯಲ್ಲಿ ಬರಿಯ ‘ಅಕ್ಕ’ ಎಂದೇ ಬರೆದುಕೊಂಡಿದ್ದರಿಂದ ಅವಳಿಗೆ ಹೋದದ್ದು ‘ಪ್ರೀತಿಯ ಅಕ್ಕ’. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಬೇರೆ ಊರಿನಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಪತ್ರ ಓದಿದವಳೇ ಹಣ ತೆಗೆಯಲು ಬ್ಯಾಂಕಿಗೆ ಓಡಿದ್ದಾಳೆ. ಅಲ್ಲಿನ ಗುಮಾಸ್ತರು, ಅವರ ಹೊಟ್ಟೆ ತಣ್ಣಗಿರಲಿ, ಮೊದಲು ತಮ್ಮನಿಗೇ ಫೋನ್ ಮಾಡಿ ಧ್ವನಿ ಕೇಳಿ ಎಂದು ಹಟ ಹಿಡಿದು ಕೂರಿಸಿದ್ದಾರೆ. ಫೋನ್ ಬಂದಾಗ ನಾನು ಎಂದಿನ ಹಾಗೆ “ಏನು?” ಎಂದೆ. ವಿಷಯ ತಿಳಿದು, ಅದು ಕಳ್ಳರ ಕಾಗದ, ಹಣ ಕಳಿಸಬೇಡ ಎಂದೆ. ಅವಳು, “ಹಾಗಾದ್ರೆ ಅದು ನೀನು ಬರೆದದ್ದಲ್ವಾ? ನಾನು ಪ್ರಿಂಟ್ ತೆಗೆಸಿ ಇಟ್ಕೊಂಡಿದ್ದೆ ಕಣೋ. ಇರಲಿ ಬಿಡು, ಚೆನ್ನಾಗಿತ್ತು” ಎಂದು ಫೋನ್ ಇಟ್ಟಳು.

ಮಾನ್ಯರೇ, ಹಣ ಹೋಗಿದ್ದರೆ ಪೊಲೀಸರಿಗೆ ದೂರು ಕೊಡುತ್ತಿದ್ದೆ. ಈ ‘ಚೆನ್ನಾಗಿತ್ತು’ ಎಂಬುದಕ್ಕೆ ಯಾವ ಠಾಣೆಗೆ ಹೋಗಲಿ? ನನ್ನ ಅಕ್ಕನಿಗೆ ನಾನು ಬರೆಯಬೇಕಾಗಿದ್ದ ಪತ್ರವನ್ನು ತಾವು ಬರೆದುಬಿಟ್ಟಿರಿ, ಅದೂ ನನಗಿಂತ ಚೆನ್ನಾಗಿ. ನನಗೆ ಹೊಟ್ಟೆ ಉರಿಯುತ್ತಿದೆ.

ಆದ್ದರಿಂದ ನನ್ನ ಕೋರಿಕೆಗಳನ್ನು ದೊಡ್ಡ ಮನಸ್ಸು ಮಾಡಿ ನಡೆಸಿಕೊಡಬೇಕು. ಹೇಗೂ ಕೈ ಪಳಗಿರುವುದರಿಂದ ಮೂರನೇ ಮಹಡಿಯವರಿಗೆ ಒಂದು ಕ್ಷಮಾಪಣೆಯ ಪತ್ರವನ್ನೂ, ನನ್ನ ಹೆಂಡತಿಯ ಅಣ್ಣನವರಿಗೆ ಅವರ ಹೆಸರಿನ ಬಗ್ಗೆ ನಂಬುವಂಥ ಒಂದು ವಿವರಣೆಯನ್ನೂ ತಾವೇ ಬರೆದುಕೊಡಬೇಕು. ನನಗೆ ಆಸ್ತಿ ಕೊಡಲು ಕಾದಿರುವ ವಿಧವೆಯವರನ್ನು ತಾವೇ ಮದುವೆಯಾಗಿ ಇಬ್ಬರೂ ಸುಖವಾಗಿರಬೇಕು. ಮತ್ತೆ ನನ್ನ ಮನೆಗೆ ಬರುವ ತೊಂದರೆ ತೆಗೆದುಕೊಳ್ಳಬಾರದು, ಏಕೆಂದರೆ ಮಗಳು ಪಾಸ್‌ವರ್ಡ್ ಬದಲಿಸಿದ್ದಾಳೆ. ಅದು ನನಗೇ ನೆನಪಿರುವುದಿಲ್ಲವಾದ್ದರಿಂದ ಭದ್ರವಾಗಿದೆ. ಒಳಗೆ ಹೋಗಬೇಕಾದರೆ ಈಗ ನನ್ನ ಫೋನಿಗೆ ಬರುವ ಅಂಕೆಯೂ ಬೇಕು. ಗೊತ್ತಿಲ್ಲದವರ ಪತ್ರ ತೆರೆಯಬೇಡ, ತೆರೆದರೂ ಅದರಲ್ಲಿ ಏನನ್ನೂ ಒತ್ತಬೇಡ, ಸೀದಾ ಸ್ಪ್ಯಾಮ್, ಅಂದರೆ ಕಸ, ಎಂದು ಗುರುತು ಹಾಕು ಎಂದು ಅವಳು ನನಗೆ ಎಳೆಯ ಮಗುವಿಗೆ ಹೇಳುವಂತೆ ಹೇಳಿದ್ದಾಳೆ. ಅಕ್ಕನಿಗೂ ಇದೇ ಪಾಠವಾಗಿದೆ.

ಕೊನೆಯದಾಗಿ ಒಂದು ಮಾತು. ತಮ್ಮ ಮೇಲಿನ ಹಟಕ್ಕೆ ನಾನೇ ಕುಳಿತು ಅದೇ ಇಮೇಲಿನಿಂದ ಅಕ್ಕನಿಗೆ ಒಂದು ಪತ್ರ ಬರೆದಿದ್ದೇನೆ. ಇಡೀ ಭಾನುವಾರ ಹಿಡಿಯಿತು. ‘ಪ್ರೀತಿಯ ಅಕ್ಕ’ ಎಂದು ಆರಂಭಿಸಿ, ಅವಳು ನನ್ನನ್ನು ಹೊತ್ತು ತಿರುಗಿದ್ದನ್ನೂ, ನಾನು ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳದೆ ಇದ್ದದ್ದನ್ನೂ ಬರೆದು, ಮತ್ತೊಮ್ಮೆ ಓದದೆ ಕಳಿಸಿಬಿಟ್ಟೆ. ಉತ್ತರಕ್ಕೆ ಕಾಯುತ್ತ ಈ ದೂರನ್ನು ಬರೆಯುತ್ತಿದ್ದೇನೆ. ಈ ಸಲದ ಪತ್ರ ತಮ್ಮದಕ್ಕಿಂತ ಒಂದು ಮಹಡಿ ಮೇಲೆಯೇ ಇದೆ ಎಂದು ನನ್ನ ನಂಬಿಕೆ.

ಪಾಸ್‌ವರ್ಡ್ ಬದಲಾದರೂ ಬದಲಾಗದ,
ತಮ್ಮ ವಿಶ್ವಾಸಿ,
ಪರದೇಶದಿಂದ ಇನ್ನೂ ಬಿಡುಗಡೆಯಾಗದ ಲಿಫ್ಟ್ ರಿಪೇರಿಯವನು

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ಅಕ್ಕ ಫೋನ್ ಮಾಡಿದ್ದಳು. ದನಿಯಲ್ಲಿ ಗೆದ್ದವಳ ಹುರುಪು. “ಆ ಕಳ್ಳ ಮತ್ತೆ ಬರೆದಿದ್ದ ಕಣೋ! ಈ ಸಲ ಇನ್ನೂ ಚೆನ್ನಾಗಿ ಬರೆದಿದ್ದ, ಓದ್ತಾ ಓದ್ತಾ ಕಣ್ಣಲ್ಲಿ ನೀರೇ ಬಂತು. ಆದ್ರೆ ನಾನು ಮೋಸ ಹೋಗ್ತೀನಾ? ಸ್ಪ್ಯಾಮ್ ಅಂತ ಒತ್ತಿ ಅಳಿಸಿಬಿಟ್ಟೆ” ಎಂದಳು. ಅದು ನಾನೇ ಬರೆದದ್ದು. “ಸರಿ” ಎಂದೆ. ನಾಳೆ ಬೆಳಗಿನ ಬಸ್ಸಿಗೆ ಅವಳ ಊರಿಗೆ ಹೊರಟಿದ್ದೇನೆ. ಅವಳು ಬಾಗಿಲು ತೆಗೆದಾಗ ಹೇಳಬೇಕಾದ ಮೊದಲ ವಾಕ್ಯವನ್ನು ದಯವಿಟ್ಟು ಬರೆದು ಕಳಿಸಿ. ತಮ್ಮ ಪತ್ರ ಈಗ ಸ್ಪ್ಯಾಮ್ ಪೆಟ್ಟಿಗೆಗೇ ಬಂದು ಬೀಳುತ್ತದೆಂದು ಗೊತ್ತು, ಅಲ್ಲೇ ಹುಡುಕಿಕೊಳ್ಳುತ್ತೇನೆ.