ಮರಿಯ ಮುಂದೆ ಕೈ ಆಡಿಸತಕ್ಕದ್ದಲ್ಲ

ಅಜ್ಜಂಪುರದಲ್ಲಿ ನಾನು ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಜಾಗ ಎಂದಿಗೂ ನನ್ನ ಹೆಸರಿಗೆ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಮೈದುನ ಓಂಕಾರೇಶ. ಊರಿನ ಹಿರಿಯರ ಮುಂದೆ, ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ.

"ನಿಮ್ ಕೈಲಿ ಆಗಲ್ಲ ಬಿಡಿ ಅತ್ತಿಗೆ. ಖಾತೆ ಮಾಡ್ಸೋದು ಅಂದ್ರೆ ರಾಗಿ ಬೀಸಿದಂಗಲ್ಲ."

ನಾನು ಶಾಲೆಗೆ ಹೋದವಳಲ್ಲ. ಗಿರಣಿಗೆ ಬರುವ ಚೀಲಗಳ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಲು ಕಲಿತವಳು. ಗಂಡ ತೀರಿಕೊಂಡ ಮೇಲೆ ತುಕ್ಕು ಹಿಡಿದು ನಿಂತಿದ್ದ ಯಂತ್ರವನ್ನು ಬಿಚ್ಚಿಸಿ, ತೊಳೆಸಿ, ಓಡುವಂತೆ ಮಾಡಿದವಳೂ ನಾನೇ. ಜಾಗ ಮಾತ್ರ ಸತ್ತುಹೋದ ಮಾವನ ಹೆಸರಿನಲ್ಲೇ ಉಳಿದಿತ್ತು. ಹಿರಿಯರು ತೀರ್ಮಾನ ಕೊಟ್ಟರು: ಯುಗಾದಿಯೊಳಗೆ ಖಾತೆ ನನ್ನ ಹೆಸರಿಗೆ ಬದಲಾದರೆ ಗಿರಣಿ ನನ್ನದು, ಆಗದಿದ್ದರೆ ಓಂಕಾರೇಶನದು. ಓಂಕಾರೇಶ ತಕ್ಷಣ ಒಪ್ಪಿಕೊಂಡ. ಅವನು ಖಾತೆ ಮಾಡುವ ಕಚೇರಿಯನ್ನು ನೋಡಿದ್ದ.

ಕಚೇರಿಯ ಹೆಸರು ಸ್ವತ್ತು ದಾಖಲಾತಿ ಉಪಶಾಖೆ. ಅಜ್ಜಂಪುರ ತಾಲ್ಲೂಕಾಗಿ ವರ್ಷಗಳು ಕಳೆದರೂ ಹಳೆಯ ಕಡತಗಳು ತರೀಕೆರೆಯಿಂದ ಗೋಣಿಚೀಲಗಳಲ್ಲಿ ಇನ್ನೂ ಬರುತ್ತಲೇ ಇವೆ. ಸಂಕ್ರಾಂತಿಯ ಹೊತ್ತಿಗೆ ಬಂದ ಒಂದು ಚೀಲದಲ್ಲಿ ಕಡತಗಳ ನಡುವೆ ಒಂದು ಬೆಕ್ಕಿನ ಮರಿಯೂ ಇತ್ತು. ಚೀಲದಲ್ಲಿ ಬಂದದ್ದನ್ನೆಲ್ಲ ದಾಖಲೆಯಾಗಿ ಸ್ವೀಕರಿಸಬೇಕು ಎಂಬುದು ನಿಯಮ. ಗುಮಾಸ್ತ ಚಂದ್ರಕುಮಾರ್ ನಿಯಮ ಮೀರುವವನಲ್ಲ. "ಬೆಕ್ಕಿನ ಮರಿ, ಬೂದು ಬಣ್ಣ, ಒಂದು. ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಂಡ. ಅಂದಿನಿಂದ ಆ ಮರಿ ಸರ್ಕಾರಿ ದಾಖಲೆಯಾಯಿತು. ಅದನ್ನು ಓಡಿಸುವಂತಿಲ್ಲ, ಯಾರಿಗೂ ಕೊಡುವಂತಿಲ್ಲ.

ಮರಿಗೆ ಆಟದ ಹುಚ್ಚು. ಕಾಯುವ ಜನಕ್ಕೂ ಬೇರೆ ಕೆಲಸವಿರಲಿಲ್ಲ. ಬೆಂಚಿನ ಮೇಲೆ ಕುಳಿತು ಬೆರಳು ಇಳಿಬಿಟ್ಟು ಅಲ್ಲಾಡಿಸುವರು, ಮರಿ ಹಾರಿ ಹಿಡಿಯುವುದು. ಒಳಗೆ ಸಿಬ್ಬಂದಿಯೂ ಮೇಜಿನ ಕೆಳಗೆ ಅದನ್ನೇ ಮಾಡುತ್ತಿದ್ದರು. ಹೀಗಾಗಿ ಅಲ್ಲಾಡುವ ಬೆರಳೆಂದರೆ ತನಗಾಗಿ ಇಟ್ಟಿರುವ ಆಟದ ಸಾಮಾನು ಎಂದು ಮರಿ ತಿಳಿದುಕೊಂಡಿತು.

ಉಪಶಾಖೆಯ ಅಧಿಕಾರಿ ಓಬಳಪ್ಪನವರು ನನ್ನ ಕಡತಕ್ಕೆ ಸಹಿ ಹಾಕಲು ಪೆನ್ನು ತೆಗೆದ ದಿನ ಮರಿ ಮೇಜಿನ ಮೇಲೆಯೇ ಇತ್ತು. ಅವರು 'ಓಬ' ಎಂದು ಬರೆಯುವಷ್ಟರಲ್ಲಿ ಹೆಬ್ಬೆರಳಿಗೆ ಹಲ್ಲು ಹಾಕಿತು. ಸಹಿ ಅಲ್ಲಿಗೇ ನಿಂತಿತು. ಅರ್ಧ ಸಹಿಯನ್ನು ಸಹಿ ಎಂದು ಒಪ್ಪಲು ಬರುವುದಿಲ್ಲ.

"ಇದಕ್ಕೆ ಕಚ್ಚೋದನ್ನ ಬಿಡ್ಸೋಕಾಗುತ್ತೇನಮ್ಮ?" ಎಂದು ಓಬಳಪ್ಪನವರು ಬೆರಳಿಗೆ ಗಾಳಿ ಊದಿಕೊಳ್ಳುತ್ತ ಕೇಳಿದರು.

"ಬಿಡಿಸ್ಬೋದು ಸಾರ್," ಎಂದೆ. "ಕೈ ತೋರ್ಸಿ ಆಡ್ಸೋದು ನಿಲ್ಲಿಸ್ಬೇಕು. ಹಲ್ಲು ಹಾಕಿದ್ರೆ ಕೈ ಎಳ್ಕೊಳ್ದೆ ಸುಮ್ನಿಟ್ಕೋಬೇಕು. ಎಳ್ದಷ್ಟೂ ಅದಕ್ಕೆ ಖುಷಿ. ಆಡೋಕೆ ಒಂದು ದಾರ ಕೊಟ್ರೆ ಬೆರಳಿನ ತಂಟೆಗೆ ಬರಲ್ಲ."

ಅವರು ಬಹಳ ಗಮನವಿಟ್ಟು ಕೇಳಿಸಿಕೊಂಡರು. ಮಾರನೆಯ ದಿನ ಹಲಗೆಯ ಮೇಲೆ ಸುತ್ತೋಲೆ ಅಂಟಿಸಲಾಗಿತ್ತು:

"ವಿಷಯ: ಸ್ವೀಕೃತ ಮರಿಗೆ ಕಚ್ಚದಿರುವ ಬಗ್ಗೆ ತರಬೇತಿ. ತರಬೇತಿ ಪೂರ್ಣಗೊಳ್ಳುವವರೆಗೆ ಮರಿಯ ಸಮ್ಮುಖದಲ್ಲಿ ಯಾವ ನೌಕರರೂ ಕೈ ಆಡಿಸತಕ್ಕದ್ದಲ್ಲ. ಬರೆಯುವುದು, ಮೊಹರು ಹಾಕುವುದು, ಪುಟ ತಿರುವುವುದು ಮತ್ತು ಕಂಪ್ಯೂಟರ್ ಒತ್ತುವುದನ್ನು ಕೈ ಆಡಿಸುವುದೆಂದೇ ಪರಿಗಣಿಸಲಾಗುವುದು. ಕಾಫಿ ಕುಡಿಯುವುದನ್ನು ಪರಿಗಣಿಸಲಾಗುವುದಿಲ್ಲ. ದಾರದ ಖರೀದಿಗೆ ಪ್ರತ್ಯೇಕವಾಗಿ ಟೆಂಡರ್ ಕರೆಯಲಾಗುವುದು."

ಸಿಬ್ಬಂದಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಚೇರಿಯ ಕೆಲಸ ನಿಂತುಹೋಯಿತು ಎಂದು ಬರೆದರೆ ಅನ್ಯಾಯವಾದೀತು. ಮೊದಲಿನಿಂದ ಬರುತ್ತಿದ್ದವರಿಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಬುಕ್ಕಾಂಬುಧಿಯಿಂದ ತೋಟದ ಖಾತೆಗೆ ಅಲೆಯುತ್ತಿದ್ದ ಹುಲಿಯಮ್ಮ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದಳು.

"ಇವತ್ತೂ ಆಗಲ್ವಂತಾ ಅಕ್ಕಾ?"

"ಬೆಕ್ಕು ಪಾಠ ಕಲೀತೈತಂತೆ."

"ಹೋದ್ ಸಲ ಏನಂದಿದ್ರು?"

"ಸರ್ವರ್ ಇಲ್ಲ ಅಂದಿದ್ರು."

"ಹಂಗಾದ್ರೆ ಬೆಕ್ಕೇ ವಾಸಿ ಬಿಡು. ಕಣ್ಣಿಗಾದ್ರೂ ಕಾಣುತ್ತೆ."

ಮರಿ ದಿನದ ಬಹುಪಾಲು ನಿದ್ದೆ ಮಾಡುತ್ತದೆ, ಆಗ ಅದು ಯಾರ ಸಮ್ಮುಖದಲ್ಲೂ ಇರುವುದಿಲ್ಲ, ಆ ಹೊತ್ತಿನಲ್ಲಿ ಒಂದು ಸಹಿ ಹಾಕಬಹುದಲ್ಲ ಎಂದು ನಾನು ಚಂದ್ರಕುಮಾರನ ಹತ್ತಿರ ವಾದ ಮಾಡಿದೆ. ಅವನು ಮಲಗಿದ್ದ ಮರಿಯನ್ನು ಗಲ್ಲದಿಂದಲೇ ತೋರಿಸಿದ.

"ಕಿವಿ ನೋಡಿ. ಎದ್ದೈತೆ."

ಇಷ್ಟರಲ್ಲಿ ಕಡೂರಿನಿಂದ ಮೇಲಧಿಕಾರಿ ಪ್ರತಿಮಾ ಮೇಡಂ ತಪಾಸಣೆಗೆ ಬಂದರು. ಓಬಳಪ್ಪನವರು ಎದ್ದು ನಿಂತರು. ನಮಸ್ಕಾರ ಮಾಡಲು ಕೈ ಎತ್ತಬೇಕಾಗುವುದರಿಂದ ತಲೆ ಬಗ್ಗಿಸಿದರು.

"ಕಚ್ಚಿರೋ ಪ್ರಕರಣ?"

"ಸುತ್ತೋಲೆ ಆದ್ಮೇಲೆ ಒಂದೂ ಇಲ್ಲ ಮೇಡಂ."

"ಸಾರ್ವಜನಿಕರಿಂದ ದೂರು?"

"ಒಂದೂ ಸ್ವೀಕರಿಸಿಲ್ಲ ಮೇಡಂ."

"ತಪ್ಪು ಖಾತೆ ಆಗಿರೋದು?"

"ಯಾವ ಖಾತೇನೂ ಆಗಿಲ್ಲ ಮೇಡಂ."

ತಮ್ಮ ಸೇವಾವಧಿಯಲ್ಲಿ ಇಷ್ಟು ಶುದ್ಧವಾದ ಕಚೇರಿಯನ್ನು ನೋಡಿರಲಿಲ್ಲ ಎಂದು ಮೇಡಂ ಹೇಳಿದರು. ಕಡೂರು ಮತ್ತು ತರೀಕೆರೆಯ ಉಪಶಾಖೆಗಳಿಗೂ ಒಂದೊಂದು ಮರಿಯನ್ನು ಒದಗಿಸಲು ಆದೇಶವಾಯಿತು. ಓಬಳಪ್ಪನವರಿಗೆ ಪ್ರಶಂಸಾಪತ್ರವೂ ಬಂತು. ಅದನ್ನು ತೆಗೆದುಕೊಳ್ಳುವಂತಿರಲಿಲ್ಲವಾದ್ದರಿಂದ ಮೇಡಂ ಅದನ್ನು ಅವರ ಜೇಬಿಗೆ ತಾವೇ ಸೇರಿಸಿದರು.

ಶಿವರಾತ್ರಿ ಕಳೆಯಿತು. ಯುಗಾದಿ ಹತ್ತಿರ ಬಂತು. ಇವರು ಕೈ ಕಟ್ಟಿ ಕುಳಿತರೆ ಮರಿ ಏನನ್ನೂ ಕಲಿಯುವುದಿಲ್ಲ, ಮರಿ ಕಲಿಯದೆ ಇವರ ಕೈ ಏಳುವುದಿಲ್ಲ ಎಂದು ನನಗೆ ಸ್ಪಷ್ಟವಾಯಿತು. ನಾನೇ ಕಲಿಸಲು ಹೊರಟೆ.

ಗಿರಣಿಯ ಬಾಗಿಲು ಹಾಕಿ, ಗೋಣಿ ಹೊಲಿಯುವ ದಾರಕ್ಕೆ ಬಟ್ಟೆಯ ಚೂರು ಕಟ್ಟಿಕೊಂಡು, ಮರಿ ದಾಖಲೆಯಾದ್ದರಿಂದ ಒಳಗಿನವರ ಕಣ್ಣ ಮುಂದೆಯೇ ಕಚೇರಿಯ ಜಗಲಿಯಲ್ಲಿ ಕುಳಿತೆ. ದಾರ ಎಳೆದರೆ ಮರಿ ಓಡಿಬರುವುದು. ಬಟ್ಟೆಯನ್ನು ಕಚ್ಚಿದರೆ ಕಚ್ಚಲು ಬಿಡುವೆ. ನನ್ನ ಬೆರಳಿಗೆ ಬಂದರೆ ಕೈಯನ್ನು ಕಲ್ಲಿನ ಹಾಗೆ ಇಟ್ಟು, ದಾರ ಕೆಳಗೆ ಹಾಕಿ, ಮುಖ ಆಚೆ ತಿರುಗಿಸುವೆ. ಬೈಯಲಿಲ್ಲ, ಹೊಡೆಯಲಿಲ್ಲ. ಅದು ಸ್ವಲ್ಪ ಹೊತ್ತು ಕಾದು, ಬೇಸರಪಟ್ಟು, ಬೆರಳು ಬಿಟ್ಟು ದಾರದ ಕಡೆ ನೋಡುವುದು. ಆಗ ಮತ್ತೆ ಆಟ. ಸುಸ್ತಾಗುವವರೆಗೆ ಓಡಿಸಿ, ಹಾಲು ಅನ್ನ ಹಾಕಿ ಮಲಗಿಸುತ್ತಿದ್ದೆ. ಬಾಗಿಲು ಮುಚ್ಚಿದ ಗಿರಣಿಯನ್ನು ನೋಡಿ ಗಿರಾಕಿಗಳು ಬೇರೆ ಕಡೆ ಹೋದರು. ನನ್ನ ಕೈಗಳ ಮೇಲೆ ಜಾಗವೇ ಉಳಿಯದಷ್ಟು ಗೀರುಗಳಾದವು.

"ನಿಂಗೆ ಹುಚ್ಚು ಕಣಕ್ಕಾ," ಎಂದಳು ಹುಲಿಯಮ್ಮ. "ಬೆಕ್ಕು ಕಲೀಬೋದು. ಅವ್ರು?"

ಮರಿ ಕಲಿಯಿತು. ಒಂದು ಮಧ್ಯಾಹ್ನ ಅದರ ಮೂಗಿನ ಮುಂದೆಯೇ ಬೆರಳು ಆಡಿಸಿದೆ. ಅದು ಮೂಸಿ ನೋಡಿ, ಒಮ್ಮೆ ನೆಕ್ಕಿ, ನನ್ನ ಮಡಿಲಲ್ಲಿ ಸುರುಳಿ ಸುತ್ತಿಕೊಂಡಿತು. ಈ ವಿಷಯವನ್ನು ನಾನು ಒಳಗೆ ಹೋಗಿ ತಿಳಿಸಿದಾಗ ಸಿಬ್ಬಂದಿ ಸಾವಿನ ಸುದ್ದಿ ಕೇಳಿದವರ ಹಾಗೆ ಮುಖ ಮುಖ ನೋಡಿಕೊಂಡರು.

"ಇಷ್ಟು ಬೇಗ ಕಲ್ತ್ರೆ ಹೆಂಗಮ್ಮ?" ಎಂದ ಚಂದ್ರಕುಮಾರ್. "ಮುಂದಿನ ವರ್ಷಕ್ಕೂ ತರಬೇತಿ ಮುಂದುವರಿಸ್ತೀವಿ ಅಂತ ಮೇಡಂಗೆ ಹೇಳಾಗೈತೆ."

ಓಬಳಪ್ಪನವರು ಯೋಚಿಸಿ, ಪರೀಕ್ಷೆ ಆಗಬೇಕು ಎಂದರು. ಅಧಿಕಾರಿಯು ಮರಿಯ ಮುಂದೆ ಒಂದು ಪೂರ್ತಿ ಸಹಿ ಹಾಕಬೇಕು, ಕಚ್ಚಿಸಿಕೊಳ್ಳಬಾರದು.

"ನನ್ನ ಕಡತದಾಗೆ ಅರ್ಧ ಸಹಿ ಐತಲ್ಲ ಸಾರ್. ಅದನ್ನೇ ಪೂರ್ತಿ ಮಾಡಿ."

"ಅದು ಗಿರಣಿ ಕಡತ ಕಣಮ್ಮ. ಪರೀಕ್ಷೆ ಬೆಕ್ಕಿಂದು. ಬೆಕ್ಕಿನ ಕಾಗದಕ್ಕೇ ಸಹಿ ಆಗ್ಬೇಕು."

ಬೆಕ್ಕಿನ ಕಾಗದ ಯಾವುದು ಎಂಬ ಪ್ರಶ್ನೆ ಎದ್ದಿತು. ಕಲಿತ ಮರಿಯನ್ನು ತರಬೇತಿಯಲ್ಲಿ ಇರಿಸಿಕೊಳ್ಳಲು ಬರುವುದಿಲ್ಲ. ಕಲಿಸಿದವರಿಗೆ ಒಪ್ಪಿಸಬೇಕು. ಆದರೆ ಅದು ದಾಖಲೆ, ದಾಖಲೆಯನ್ನು ಹಾಗೇ ಕೊಡುವಂತಿಲ್ಲ, ಖಾತೆ ಬದಲಾವಣೆ ಆಗಬೇಕು. ಅರ್ಜಿಯ ನಂಬರು ಬೇಕಾಯಿತು. ನನ್ನದೊಂದು ನಂಬರು ಆಗಲೇ ಇತ್ತು.

"ಅದನ್ನೇ ಹಾಕಿದ್ರೆ ಇವತ್ತೇ ಮುಗಿಯುತ್ತೆ," ಎಂದ ಚಂದ್ರಕುಮಾರ್.

"ಆಮೇಲೆ ಗಿರಣೀದು?"

"ಕೈ ಬಿಡುಗಡೆ ಆದ್ಮೇಲೆ ಇನ್ನೇನಮ್ಮ."

ಪರೀಕ್ಷೆಯ ಕಾಗದಕ್ಕೆಂದು ಚಂದ್ರಕುಮಾರನ ಕೈಗೆ ಮಾತ್ರ ವಿನಾಯಿತಿ ಸಿಕ್ಕಿತು. ಅವನು ಬರೆದ ಕಾಗದವನ್ನು ನಾನು ಪೂರ್ತಿ ಓದಿದೆ. ವಿಶಾಲಾಕ್ಷಮ್ಮ ಎಂದು ನನ್ನ ಹೆಸರನ್ನು ಒಂದು ಒತ್ತಕ್ಷರವೂ ತಪ್ಪದಂತೆ ಬರೆದಿದ್ದ. ನಾನು ಒಪ್ಪಿದೆ. ಓಬಳಪ್ಪನವರು ಪೆನ್ನು ಎತ್ತಿ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಧಾನವಾಗಿ ಸಹಿ ಹಾಕಿದರು, ಚಂದ್ರಕುಮಾರ್ ಸೀಲು ಒತ್ತಿದ. ಮರಿ ಪೆನ್ನನ್ನು ನೋಡಿತು, ಆಕಳಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುತ್ತೋಲೆ ಇನ್ನೂ ಜಾರಿಯಲ್ಲಿತ್ತು.

"ಈಗ ಗಿರಣೀದು," ಎಂದೆ.

ಚಂದ್ರಕುಮಾರ್ ಗೋಡೆಯ ಮೇಲಿನ ನಿಯಮವನ್ನು ಓದಿ ಹೇಳಿದ: ಒಬ್ಬ ಅರ್ಜಿದಾರರಿಗೆ ವರ್ಷಕ್ಕೆ ಒಂದೇ ಖಾತೆ ಬದಲಾವಣೆ.

"ನಿಮ್ದು ಆಯ್ತಲ್ಲಮ್ಮ. ಇನ್ನು ಮುಂದಿನ ವರ್ಷ ಬನ್ನಿ."

ಅಷ್ಟರಲ್ಲಿ ತರೀಕೆರೆಯ ಟ್ರ್ಯಾಕ್ಟರ್ ಬಂದು ನಿಂತಿತು. ಇಳಿಸಿದ ಚೀಲವೊಂದು ತಾನಾಗಿ ಅಲ್ಲಾಡುತ್ತಿತ್ತು. ಓಬಳಪ್ಪನವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು, ಸಿಬ್ಬಂದಿಯೂ ಇಟ್ಟುಕೊಂಡರು. ಬೆಂಚಿನ ಮೇಲಿದ್ದ ಹುಲಿಯಮ್ಮನೂ ಇಟ್ಟುಕೊಂಡಳು. ಅವಳಿಗೆ ಯಾರೂ ಹೇಳಿರಲಿಲ್ಲ.

ಯುಗಾದಿಯ ದಿನ ಹಿರಿಯರು ಸೇರಿದರು. ನಾನು ಕಾಗದ ಮುಂದಿಟ್ಟೆ. ಒಬ್ಬರಾದ ಮೇಲೊಬ್ಬರು ಓದಿದರು. ಖಾತೆ ಬದಲಾಗಿರುವುದು ನಿಜ, ವಿಶಾಲಾಕ್ಷಮ್ಮನ ಹೆಸರಿಗೇ ಆಗಿರುವುದೂ ನಿಜ, ಆದರೆ ಗಿರಣಿಯದಲ್ಲ ಎಂದು ತೀರ್ಮಾನವಾಯಿತು. ಕಚೇರಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ, ಎಲ್ಲವೂ ನಿಯಮದಂತೆ ನಡೆದಿತ್ತು. ಓಂಕಾರೇಶ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಸೀಲು ಚೆನ್ನಾಗಿ ಬಿದ್ದೈತೆ ಅತ್ತಿಗೆ," ಎಂದು ಗೌರವದಿಂದಲೇ ಹೇಳಿ, ಬೇವು ಬೆಲ್ಲ ಕೊಟ್ಟು, ಗಿರಣಿಯ ಬೀಗದ ಕೈ ಕೇಳಿದ. ಕೊಟ್ಟೆ.

ಈಗ ನನ್ನ ಸ್ವಂತ ಹೆಸರಿನಲ್ಲಿ ಒಂದು ಬೂದು ಬೆಕ್ಕಿದೆ. ನಂಬರು, ಸಹಿ, ಸೀಲು ಎಲ್ಲವೂ ಕ್ರಮಬದ್ಧ. ನಮ್ಮ ವಂಶದಲ್ಲಿ ಬೇರೆ ಯಾವ ಹೆಂಗಸಿನ ಹೆಸರಿನಲ್ಲೂ ಇಷ್ಟು ಚೊಕ್ಕಟವಾದ ಆಸ್ತಿ ಇಲ್ಲ. ಅದು ಯಾರನ್ನೂ ಕಚ್ಚುವುದಿಲ್ಲ. ಅದಕ್ಕೆ ತಗುಲಿದ ಖರ್ಚು ಓಡುತ್ತಿದ್ದ ಒಂದು ಗಿರಣಿ, ಮೋಟಾರು ಸಮೇತ.