ಸೀತಾಳೆ ದಂಡೆ, ಮಂಗಟ್ಟೆ ಮತ್ತು ನನ್ನ ಏಣಿ

ನನ್ನ ಹೆಂಡತಿಯ ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಸಿದ್ದಾಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕೆಟ್ಟದ್ದು ನನ್ನ ತಲೆ, ಅವನ ದೆಸೆಯಿಂದ!

ಅರವತ್ತರ ದಶಕದ ಮಾತು. ನಾನು ಶಾಲಾ ಮಾಸ್ತರ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ದೋಸೆ. ನಮ್ಮಲ್ಲೇ ಉಳಿದಿದ್ದ ಈ ಭಾವ ಮಾತ್ರ ದೋಸೆ ಆರಿದರೂ ಹಿತ್ತಿಲ ಹಲಸಿನ ಮರ ನೋಡುತ್ತ ನಿಂತಿರುತ್ತಿದ್ದ. ಕೈಯಲ್ಲಿ ನನ್ನದೇ ಹಾಜರಿ ಪುಸ್ತಕ! ಕೇಳದೆ ಒಯ್ದದ್ದು! ಅದರಲ್ಲಿ ಎರಡು ಅಂಕಣ. ಒಂದು, ಕೊಂಬೆಯ ಮೇಲೆ ಬೆಳೆದ ಸೀತಾಳೆ ದಂಡೆಗೆ, ಹೆಂಗಸರು ಮುಡಿಯುವ ಹೂವಿಗೆ. ಇನ್ನೊಂದು, ಪೊಟರೆಯಲ್ಲಿ ಗೂಡು ಮಾಡಿದ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗೆ. 'ಸ್ಥಿತಿ' ಎಂಬಲ್ಲಿ ಹೂವಿಗೆ 'ಸಾಕಷ್ಟಿದೆ, ಕೀಳುವವರೂ ಸಾಕಷ್ಟು'. ಹಕ್ಕಿಗೆ 'ಒಂದೇ ಜೋಡಿ, ಕಷ್ಟ'. 'ವರ್ಗ' ಎಂಬಲ್ಲಿ ಎರಡಕ್ಕೂ 'ಬಿಡಾರದವು'!

"ಇದೆಂತ ವರ್ಗ ಮಾರಾಯಾ! ಒಂದು ಸಸ್ಯ, ಒಂದು ಪಕ್ಷಿ. ಶಾಲೆಲಿ ಆಗಿದ್ರೆ ಸೊನ್ನೆ ಕೊಡ್ತಿದ್ದೆ."

"ಕೊಡು ಭಾವ. ಎರಡಕ್ಕೂ ಸ್ವಂತ ಮನೆ ಇಲ್ಲೆ, ಮರದ ಮೇಲೇ ಬಿಡಾರ. ಯಂಗೂ ಹಂಗೇಯ."

ಇಂಥವನ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಮೇ ತಿಂಗಳು. ಮರ ಮನೆಯ ಹಂಚಿನ ಕಡೆ ವಾಲಿತ್ತು. ಮಳೆಗೆ ಮೊದಲು ಕಡಿಸಲು ಆಳುಗಳಿಗೆ ಎಂಟಕ್ಕೆ ಬರಹೇಳಿದ್ದೆ. ಎಂಟಕ್ಕೇ ಬಂದರು. ನಾಲ್ಕು ಏಟು ಬಿದ್ದಿತ್ತೋ ಇಲ್ಲವೋ, ಭಾವ ಪುಸ್ತಕ ಹಿಡಿದು ಓಡಿಬಂದ.

"ನಿಲ್ಸಿ! ಹೆಣ್ಣು ಒಳಗಿದ್ದು! ಪೊಟರೆ ಬಾಗಿಲು ಮೆತ್ತಿ ಮುಚ್ಕಂಡಿದ್ದು! ಗಂಡು ಹಣ್ಣು ತಂದು ಕೊಟ್ರೇ ಅದ್ಕೆ ಊಟ!"

"ಹಂಗಾರೆ ನಿನ್ನ ಕತೆಯೇ ಆತು! ಕೂತಲ್ಲೇ ಊಟ!" ಎಂದುಬಿಟ್ಟೆ.

ಆಳುಗಳು ನಕ್ಕರು. ಭಾವ ನಗಲಿಲ್ಲ.

ಕೊಡಲಿ ನಿಂತಿತು. ಆದರೆ ಸದ್ದಿಗೆ ಬೆದರಿ ಹಾರಿದ ಗಂಡು ಮಂಗಟ್ಟೆ ಮರುದಿನವೂ ಬರಲಿಲ್ಲ. ಭಾವ ನನ್ನ ಏಣಿ ಎಳೆದು ಮರಕ್ಕೆ ಒರಗಿಸಿದ. ನನ್ನ ಪಂಚೆಯಲ್ಲಿ ಅತ್ತಿಹಣ್ಣು ಕಟ್ಟಿಕೊಂಡು ದಿನಕ್ಕೆ ಹತ್ತು ಸಲ ಹತ್ತಿದ. ನನ್ನ ಜೊತೆ ಮಾತಿಲ್ಲ, ದೋಸೆಯೂ ಬೇಡ! ಒಗೆದ ಪಂಚೆಗೆ ಕಲೆಯಾದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮೂರನೆಯ ದಿನ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಮರುದಿನ ಬೆಳಿಗ್ಗೆ ಮಲಗಿದಲ್ಲಿಂದಲೇ ಮೊದಲ ಮಾತು ಬಂತು.

"ಭಾವ, ಗಂಟೆ ಎಷ್ಟಾತು?"

"ಏಳು."

"ಆ ಹಕ್ಕಿಗೆ ಹಸಿವಾಗಿಕ್ಕು."

ಸಿಟ್ಟು ನೆತ್ತಿಗೇರಿತು. ಏಳು ಎಂದರೆ ನನ್ನ ದೋಸೆಯ ಹೊತ್ತು! ತಟ್ಟೆ ಸರಿಸಿ ಎದ್ದೆ. ಬೈಯುತ್ತಲೇ ಅತ್ತಿಹಣ್ಣು ಹಿಡಿದು ಏಣಿ ಹತ್ತಿದೆ. ಬೆರಳಗಲದ ಸೀಳಿನಿಂದ ಒಂದು ಕೊಕ್ಕು ಹೊರಬಂದು, ನನ್ನ ಕೈಯಿಂದ ಹಣ್ಣನ್ನು ಮೆತ್ತಗೆ ತೆಗೆದುಕೊಂಡಿತು.

ಇಳಿದು ಬಂದು, ಬಿಸಿ ದೋಸೆ ಎರಡು ಹಾಕಿಸಿಕೊಂಡು ಭಾವನ ಹಾಸಿಗೆಯ ಹತ್ತಿರ ಹೋದೆ.

"ಏಳದು ಬ್ಯಾಡ," ಎಂದೆ. "ಕೂತಲ್ಲೇ ಊಟ ಮಾಡು."