ಬಚ್ಚಲಮನೆಯ ಬೆಳಕಿಂಡಿ

ಬೈಲಹೊಂಗಲದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟ ನಿಜಗುಣಪ್ಪನಿಗೆ ಬೇಕಾಗಿದ್ದದ್ದು ಎರಡಂತಸ್ತಿನ ಮನೆ, ಅದರ ನೆತ್ತಿಯ ಮೇಲೆ ಬಾಯಿ ತೆರೆದ ಎರಡು ಸಿಮೆಂಟಿನ ಸಿಂಹ. ಸಿಕ್ಕದ್ದು ಗುರುನಾಥ. ಬೆಳಗಾವಿಯಲ್ಲಿ ಓದಿ ಬಂದ ಈ ಇಂಜಿನಿಯರು ಮೂರು ದಿನ ಓಣಿಯಲ್ಲಿ ಅಡ್ಡಾಡಿ, ಬಿಸಿಲು ನೋಡಿ, ಗಾಳಿ ನೋಡಿ, ಕಡೆಗೆ ತೀರ್ಪು ಕೊಟ್ಟ.

“ಮನಿ ಜಾಗಾಕ್ಕ ಒಪ್ಪಬೇಕ್ರಿ, ಓಣಿಗೂ ಒಪ್ಪಬೇಕು. ಆಚಿ ಈಚಿ ಮಾಳಗಿ ಎಷ್ಟ ಎತ್ತರ ಅದಾವೋ ನಮ್ಮದೂ ಅಷ್ಟ ಇರ್ಲಿ. ಬೆಳಕು ಮ್ಯಾಲಿಂದ ತಗೊಳ್ಳೂನು.”

“ಮತ್ತ ಸಿಂಹ?”

“ಸಿಂಹ ಯಾಕ, ನೀವ ಅದೀರಲ್ಲ” ಎಂದಳು ಹೆಂಡತಿ ರಾಜೇಶ್ವರಿ. “ಎಲ್ಲಾರ ತಲಿ ಮ್ಯಾಲ ಕುಂತು ನಾ ಯಾರ ಜೋಡಿ ಮಾತಾಡ್ಲಿ?”

ಅಲ್ಲಿಗೆ ಸಿಂಹಗಳು ಬಾಲ ಮುದುರಿದವು. (ಅಂಗಡಿಯಲ್ಲಿ ಗರ್ಜಿಸುವ ಸಿಂಹವೂ ಅದರಲ್ಲಿ ಸೇರಿತ್ತು.)

ಮನೆ ಚೆಂದವೇ ಆಯಿತು. ಬಚ್ಚಲಮನೆಗೂ ಮೇಲೊಂದು ದೊಡ್ಡ ಬೆಳಕಿಂಡಿ, ಅದಕ್ಕೆ ಎತ್ತಿಡುವ ಗಾಜಿನ ಮುಚ್ಚಳ. ಮನೆ ಹೊಕ್ಕ ಮೂರನೇ ದಿನ ನಿಜಗುಣಪ್ಪ ಮೈತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ ವಚನ ಹಾಡುತ್ತಿದ್ದ.

“ತಮ್ಮಾ, ನಿಮ್ಮಪ್ಪನೂ ಹಿಂಗ ಹಾಡ್ತಿದ್ದ ನೋಡು.”

ತಂಬಿಗೆ ಕೈಜಾರಿತು. ಮೇಲೆ ನೋಡಿದರೆ ಮಗ್ಗಲ ಮನೆಯ ತಂಗೆವ್ವ! ಮಾಳಿಗೆಗಳು ಸಮ ಕೂಡಿದ್ದರಿಂದ ಓಣಿಯ ಹೆಂಗಸರಿಗೆ ಹಪ್ಪಳ ಒಣಹಾಕಲು ಹೊಸ ಸಾಮ್ರಾಜ್ಯವೇ ದೊರಕಿತ್ತು. ಯಾವುದನ್ನು ಮುಚ್ಚಿಕೊಳ್ಳಬೇಕೆಂದು ತಿಳಿಯದೆ ನಿಜಗುಣಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಸಣ್ಣಾವಿದ್ದಾಗ ನಿಮಗ ಎರದಾಕಿ ಆಕಿ” ಎಂದಳು ರಾಜೇಶ್ವರಿ. “ಹೊಸಾದೇನ್ ನೋಡ್ಯಾಳು?”

ಈ ಸಮಾಧಾನದಿಂದ ಅವನಿಗೆ ಇನ್ನಷ್ಟು ಅವಮಾನವಾಯಿತು. ಮರುದಿನವೇ ಬೆಳಕಿಂಡಿಗೆ ತಗಡು ಬಡಿಸಿದ. ಸುದ್ದಿ ಕೇಳಿ ಗುರುನಾಥ ಓಡಿ ಬಂದ.

“ಗಾಳಿ ಆಡ್ಲಿಲ್ಲಂದ್ರ ಹಂಡೇದ ಉಗಿಗೆ ಕದಾ ಉಬ್ಬತೈತ್ರಿ.”

“ಉಬ್ಬಲಿ. ನನಗ ನನ್ನ ಮಾನ ದೊಡ್ಡದು.”

ತಿಂಗಳೊಪ್ಪತ್ತಿನಲ್ಲಿ ಕದ ಉಬ್ಬಿತು. ಒಂದು ಮುಂಜಾನೆ ಒಳಗಿಂದ ಬಲವಾಗಿ ಒತ್ತಿ ಹಾಕಿಕೊಂಡವನು, ಜಳಕ ಮುಗಿಸಿ ಜಗ್ಗಿದರೆ ಕದ ಚೌಕಟ್ಟನ್ನು ಕಚ್ಚಿ ಹಿಡಿದಿದೆ. ಹೊರಗಿಂದ ರಾಜೇಶ್ವರಿ ನೂಕಿದಳು, ಒದ್ದಳು. ಅದು ಜಪ್ಪಯ್ಯ ಎನ್ನಲಿಲ್ಲ. ಒಳಗೆ ಕತ್ತಲೆ, ಉಗಿ, ಸೊಂಟಕ್ಕೊಂದು ಒದ್ದೆ ಟಾವೆಲ್. ನಿಜಗುಣಪ್ಪನಿಗೆ ಉಸಿರೇ ಕಟ್ಟಿದಂತಾಯಿತು.

“ಯಾರನ್ನರ ಕರದು ಕದಾ ಒಡಸ!”

“ನಮ್ಮ ತವರುಮನಿಯವರು ಮುನವಳ್ಳಿಯಿಂದ ಕೊಟ್ಟ ಸಾಗವಾನಿ ಕದ ಐತ್ರಿ ಅದು. ಒಡ್ಯಾಕ ಬಿಡೂದಿಲ್ಲ.”

“ಮತ್ತ ನನ್ನ ಗತಿ?”

“ಸ್ವಲ್ಪ ತಡೀರಿ. ತಂಗೆವ್ವಾರನ್ನ ಕರೀತೇನಿ.”

ಬೇಡ ಎನ್ನುವಷ್ಟರಲ್ಲಿ ಆಕೆ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ನೆತ್ತಿಯ ಮೇಲೆ ದಡದಡ ಸಪ್ಪಳ. ತಗಡು ಕಿತ್ತು ಬಂತು. ಬಿಸಿಲಿನ ಸುತ್ತ ದುಂಡಗೆ ಓಣಿಯ ಎಂಟು ಮುಖಗಳು. ಏಣಿ ಇಳಿಯಿತು. ಒಂದು ಕೈ ಏಣಿಗೆ, ಒಂದು ಕೈ ಟಾವೆಲಿಗೆ ಕೊಟ್ಟು ಸಿಂಹ ಮೇಲೇರಿತು. ಕಡೆಯ ಮೆಟ್ಟಿಲಿಗೆ ಎರಡೂ ಕೈ ಬೇಕಾದವು. ಹೆಂಗಸರು ರಟ್ಟೆ ಹಿಡಿದು ಎಳೆದುಕೊಂಡರು. ಬಿಸಿಲಿಗೆ ಕಣ್ಣು ಕತ್ತಲೆಗಟ್ಟಿ ಅವನು ಕುಸಿದು ಕುಂತ. ಕೆಳಗೆ ಹಪ್ಪಳಗಳು ಚಟಚಟನೆ ಮುರಿದವು.

“ತಪ್ಪಾತು ತಂಗೆವ್ವಾರ” ಎಂದು ಗಡಬಡಿಸಿ ಏಳಲು ಹೋದ.

ತಂಗೆವ್ವ ಅವನ ಭುಜ ಒತ್ತಿ ಹಿಡಿದಳು.

“ಹಪ್ಪಳಾ ಹೋದ್ರ ಹೋಗ್ಲಿ ತಮ್ಮಾ. ಈಗ ಏಳಬ್ಯಾಡ. ಟಾವೆಲ್ ಇನ್ನೂ ಏಣಿ ಮ್ಯಾಲ ಐತಿ.”

ನಿಜಗುಣಪ್ಪ ಮತ್ತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.